ವ್ಹಾಲಿಯ ಬೆನ್ನ ಮೇಲಿನ ಬಿಲ್ಲೆ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಮೀನಿನ ಮೇಲೆ ಭಾಷಣವೆಂದು ಆಮಂತ್ರಣಪತ್ರದಲ್ಲಿ ಓದಿ ಬಂದವರಲ್ಲಿ ಎರಡು ಬಗೆಯವರಿದ್ದೀರಿ. ಕರಾವಳಿಯ ಕಡೆಯವರು, ನಮಗೆ ಮೀನಿನ ವಿಷಯ ಹೇಳಲು ಇವರು ಯಾರಪ್ಪ ಎಂದು ಕುಳಿತಿದ್ದೀರಿ. ಘಟ್ಟದ ಮೇಲಿನವರು, ಅದರಲ್ಲಿಯೂ ಅಡಿಗೆಮನೆಯಲ್ಲಿ ಮೀನಿನ ಹೆಸರನ್ನೇ ಎತ್ತದವರು, ಸಭಾಮರ್ಯಾದೆಗೆಂದು ಕುಳಿತಿದ್ದೀರಿ. ಇಬ್ಬರಿಗೂ ಮೊದಲೇ ಒಂದು ಅಭಯ ಕೊಟ್ಟುಬಿಡುತ್ತೇವೆ. ನಾವು ಹೇಳಹೊರಟ ಮೀನು ಅಡಿಗೆಯ ಮೀನಲ್ಲ. ಅದನ್ನು ಕೊಂದವರಿಗೆ ಈ ದೇಶದ ಕಾಯಿದೆಯಲ್ಲಿ ಏಳು ವರ್ಷದವರೆಗೆ ಸೆರೆಮನೆಯುಂಟು. ಹುಲಿಯನ್ನು ಕೊಂದರೆ ಏನೋ, ಇದನ್ನು ಕೊಂದರೂ ಅದೇ.

ಇದರ ಹೆಸರು ತಿಮಿಂಗಿಲ ಶಾರ್ಕ್. ಹೆಸರು ಕೇಳಿ ಮೋಸಹೋಗಬಾರದು. ತಿಮಿಂಗಿಲವು ನಮ್ಮ ನಿಮ್ಮ ಹಾಗೆ ಉಸಿರಾಡುವ, ಮರಿಗೆ ಹಾಲೂಡಿಸುವ ಪ್ರಾಣಿ. ಇದಾದರೋ ಶುದ್ಧ ಮೀನು, ಕಿವಿರಿನಿಂದ ಉಸಿರಾಡುತ್ತದೆ. ತುಳುವಿನಲ್ಲಿ ತಾಟೆ, ಕೊಂಕಣಿಯಲ್ಲಿ ಮೋರಿ, ನಮ್ಮ ಈ ಮುಂಬಯಿಯ ಮೀನುಪೇಟೆಯಲ್ಲಿ ಮುಶಿ ಎನ್ನುತ್ತಾರಲ್ಲ, ಆ ಕುಲದ್ದೇ. ಗಾತ್ರ ಮಾತ್ರ ತಿಮಿಂಗಿಲದ್ದು. ಲೋಕದಲ್ಲಿರುವ ಮೀನುಗಳಲ್ಲೆಲ್ಲ ಇದೇ ದೊಡ್ಡದು. 12 ಮೀಟರಿನದು, ಎಂದರೆ ಒಂದು ಬೆಸ್ಟ್ ಬಸ್ಸಿನಷ್ಟು ಉದ್ದದ್ದು, ಅಪರೂಪವಲ್ಲ. 18 ಮೀಟರಿನವರೆಗೂ ಬೆಳೆದದ್ದುಂಟು. ಬಾಯಿ ತೆರೆದರೆ ನಾಲ್ಕು ಅಡಿಗೂ ಮಿಕ್ಕಿದ ಅಗಲ. ಆದರೆ ಆ ಬಾಯಿಗೆ ಬೀಳುವುದು ಏನೆಂದು ಕೇಳಿದರೆ ನಗು ಬರುತ್ತದೆ. ನೀರಿನಲ್ಲಿ ತೇಲುವ ಕಣ್ಣಿಗೆ ಕಾಣದಂಥ ಜೀವಿಗಳು, ಸಣ್ಣ ಸೀಗಡಿ, ಪುಡಿಮೀನು, ಬೇರೆ ಮೀನುಗಳಿಟ್ಟ ಮೊಟ್ಟೆ. ಬಾಯ ತುಂಬ ನೀರನ್ನು ಎಳೆದುಕೊಂಡು, ಕಿವಿರಿನ ಬಳಿಯ ಜರಡಿಯಲ್ಲಿ ಸೋಸಿ, ನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ನುಂಗುತ್ತದೆ. ಹಲ್ಲುಗಳು ಸಾಲುಸಾಲಾಗಿ ಇವೆ. ಆದರೆ ಅಕ್ಕಿಕಾಳಿಗಿಂತ ಸಣ್ಣವು, ಕಚ್ಚುವ ಕೆಲಸಕ್ಕೆ ಬಾರವು. ಮನುಷ್ಯನು ಪಕ್ಕದಲ್ಲಿ ಈಜಿದರೆ ಅದು ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ.

ಬೂದುನೀಲಿ ಬೆನ್ನಿನ ಮೇಲೆ ಬಿಳಿಯ ಚುಕ್ಕೆಗಳು, ಗೆರೆಗಳು. ಮುಗ್ಗಿನ ರಂಗೋಲಿಗೆ ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನು ಮರೆತ ಹಾಗೆ. ಈ ಚುಕ್ಕೆಗಳನ್ನು ಕಂಡು ಬೇರೆ ಬೇರೆ ನಾಡಿನವರು ಇಟ್ಟ ಹೆಸರುಗಳೇ ಒಂದು ಸೊಗಸು. ಮಡಗಾಸ್ಕರಿನವರು ಬಹುನಕ್ಷತ್ರದ ಮೀನೆಂದರು. ಜಾವಾದವರು ಬೆನ್ನ ಮೇಲೆ ತಾರೆಯುಳ್ಳದ್ದು ಎಂದರು. ಕೀನ್ಯಾದ ಬೆಸ್ತರು, ದೇವರು ಸಂತೋಷಗೊಂಡು ಇದರ ಮೇಲೆ ಶಿಲ್ಲಿಂಗ್ ನಾಣ್ಯಗಳನ್ನು ಎಸೆದನೆಂದು ಕತೆ ಕಟ್ಟಿ ಶಿಲ್ಲಿಂಗಿನ ಶಾರ್ಕ್ ಎಂದು ಕರೆದರು.

ಇನ್ನು ಗುಜರಾತಿನ ಬೆಸ್ತರು ಇಟ್ಟಿದ್ದ ಹೆಸರು ಕೇಳಿ: ಬ್ಯಾರಲ್. ಅಲ್ಲಿಂದಲೇ ನಮ್ಮ ಕತೆ ಆರಂಭವಾಗುತ್ತದೆ.

ಸೌರಾಷ್ಟ್ರದ ದಕ್ಷಿಣ ತೀರದಲ್ಲಿ ವೆರಾವಳ ಎಂಬ ಬಂದರು. ಸೋಮನಾಥದ ಯಾತ್ರೆಗೆ ಹೋದವರು ಅಲ್ಲಿಯೇ ರೈಲಿನಿಂದ ಇಳಿದಿರುತ್ತೀರಿ. ಮಳೆಗಾಲ ಕಳೆದು ಬೇಸಗೆ ಮುಗಿಯುವ ತನಕ ಆ ತೀರದ ಸಮೀಪಕ್ಕೆ ತಿಮಿಂಗಿಲ ಶಾರ್ಕುಗಳು ಬರುತ್ತವೆ. ಹಿಂದೆ ಅವನ್ನು ಹಿಡಿಯುತ್ತಿದ್ದುದು ಮುಖ್ಯವಾಗಿ ಪಿತ್ತಜನಕಾಂಗದ ಎಣ್ಣೆಗಾಗಿ; ಮರದ ದೋಣಿಗೆ ಆ ಎಣ್ಣೆಯನ್ನು ಬಳಿದರೆ ನೀರು ಒಳಗೆ ಜಿನುಗದು. ಅಷ್ಟರಲ್ಲಿಯೇ ಇದ್ದಿದ್ದರೆ ಯಾರಿಗೂ ಸುದ್ದಿಯಾಗುತ್ತಿರಲಿಲ್ಲವೇನೋ. 1990ರ ದಶಕದಲ್ಲಿ ಪೂರ್ವ ಏಷ್ಯದ ಪೇಟೆಗಳಲ್ಲಿ ಇದರ ಮಾಂಸಕ್ಕೂ ಈಜುರೆಕ್ಕೆಗೂ ಬೆಲೆ ಬಂತು. ಬೆಲೆ ಬಂದ ಮೇಲೆ ಕೇಳಬೇಕೆ? ಉದ್ದನೆಯ ಹಗ್ಗಕ್ಕೆ ದೊಡ್ಡ ಗಾಳ, ಹಗ್ಗದ ಇನ್ನೊಂದು ತುದಿಗೆ ಖಾಲಿ ಪೀಪಾಯಿಗಳು. ಗಾಳವನ್ನು ಮೈಗೆ ನೆಟ್ಟುಬಿಟ್ಟರೆ ಮೀನು ಮುಳುಗಲು ನೋಡುತ್ತದೆ, ಪೀಪಾಯಿ ಮೇಲಕ್ಕೆಳೆಯುತ್ತದೆ. ಗಂಟೆಗಟ್ಟಲೆ ಎಳೆದಾಡಿ ಸೋತ ಮೇಲೆ ದಡಕ್ಕೆ ಎಳೆದು ತರುವುದು. ಆ ಪೀಪಾಯಿಯಿಂದ ಬಂದ ಹೆಸರು ಬ್ಯಾರಲ್. ಕೊಲ್ಲುವ ಸಾಧನದ ಹೆಸರೇ ಪ್ರಾಣಿಯ ಹೆಸರಾದದ್ದು ಬೇರೆಲ್ಲಿಯಾದರೂ ಉಂಟೋ ಕಾಣೆವು.

ವರ್ಷಕ್ಕೆ ನೂರಾರು ಮೀನುಗಳು ಹೀಗೆ ದಡ ಸೇರಿದವು. ಮೈಕ್ ಪಾಂಡೆ ಎಂಬ ಚಿತ್ರನಿರ್ಮಾಪಕರು ಇದನ್ನು ಚಿತ್ರಿಸಿ, 2000ದಲ್ಲಿ ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಸಾಕ್ಷ್ಯಚಿತ್ರವನ್ನು ಹೊರತಂದರು. ದೇಶವಿದೇಶಗಳಲ್ಲಿ ಜನ ಅದನ್ನು ನೋಡಿ ಮರುಗಿದರು. 2001ರ ಮೇ ತಿಂಗಳಿನಲ್ಲಿ ಭಾರತ ಸರಕಾರವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಇದನ್ನು ಸೇರಿಸಿತು. ಹುಲಿ ಸಿಂಹಗಳ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡ ಮೊದಲನೆಯ ಮೀನು ಇದೇ. ಮಾರನೆಯ ವರ್ಷ ಭಾರತ ಮತ್ತು ಫಿಲಿಪೀನ್ಸ್ ಸೇರಿ ಒತ್ತಾಯಮಾಡಿದ್ದರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಟ್ಟುಪಾಡು ಬಂದಿತು.

ಕಾಯಿದೆಯೇನೋ ಆಯಿತು. ದೆಹಲಿಯಲ್ಲಿ ಬರೆದ ಕಾಯಿದೆಯನ್ನು ನಡುಸಮುದ್ರದಲ್ಲಿರುವ ದೋಣಿಗೆ ಓದಿ ಹೇಳುವವರು ಯಾರು? ತೀರದ ಹೆಚ್ಚಿನವರಿಗೆ ಈ ಮೀನು ಲೋಕದಲ್ಲಿ ಅಪರೂಪದ್ದೆಂಬುದೇ ತಿಳಿದಿರಲಿಲ್ಲ. ಕೆಲವು ಸಂರಕ್ಷಣಾ ಸಂಸ್ಥೆಗಳೂ ಗುಜರಾತಿನ ಅರಣ್ಯ ಇಲಾಖೆಯೂ ಆ ತೀರದ ಒಂದು ಕಾರಖಾನೆಯವರೂ ಕೂಡಿ 2004ರಲ್ಲಿ ಒಂದು ಉಪಾಯಮಾಡಿದರು. ರಾಮಕಥೆ ಹೇಳುವ ಮೊರಾರಿ ಬಾಪು ಅವರ ಬಳಿಗೆ ಹೋದರು. ಸೌರಾಷ್ಟ್ರದಲ್ಲಿ ಅವರ ಮಾತು ನಡೆಯುವಷ್ಟು ಪೊಲೀಸರ ಮಾತು ನಡೆಯದು. ಬಾಪು ಜನಕ್ಕೆ ಅಂಕಿ ಅಂಶ ಹೇಳಲಿಲ್ಲ. ಇದು ಹೆರಿಗೆಗೆ ತೌರಿಗೆ ಬಂದ ಮಗಳು, ಬಸುರಿ ಮಗಳನ್ನು ಕೊಲ್ಲುವರುಂಟೆ ಎಂಬ ಅರ್ಥದ ಮಾತು ಹೇಳಿದರು. ಬ್ಯಾರಲ್ ಎಂಬ ಹೆಸರು ಹೋಗಿ ‘ವ್ಹಾಲಿ’ ಎಂಬ ಹೆಸರು ಬಂತು. ಗುಜರಾತಿಯಲ್ಲಿ ಆ ಮಾತಿಗೆ ಮುದ್ದಿನವಳು, ಅಕ್ಕರೆಯವಳು ಎಂದು ಅರ್ಥ. ಊರೂರಿನಲ್ಲಿ ಬೀದಿನಾಟಕ ಆಡಿದರು. ನಿಜವಾದ ಮೀನಿನಷ್ಟೇ ದೊಡ್ಡ, ಗಾಳಿ ತುಂಬಿದ ಗೊಂಬೆಯನ್ನು ಮೆರೆಸಿದರು. ಪೋರಬಂದರ ಮೊದಲಾದ ಪಟ್ಟಣಗಳು ವ್ಹಾಲಿಯನ್ನು ತಮ್ಮ ಊರಿನ ಲಾಂಛನವನ್ನಾಗಿ ಮಾಡಿಕೊಂಡವು.

ತೌರು ಎಂಬ ಮಾತನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೀಸುವ ಕಲ್ಲಿನ ಹಾಡಿನಿಂದ ಹಿಡಿದು ಎಲ್ಲೆಲ್ಲಿಯೂ ಅದು ಇದೆ. ಈ ಸಭೆಯಲ್ಲಿರುವ ತಾಯಂದಿರಲ್ಲಿ ಎಷ್ಟು ಮಂದಿ ಚೊಚ್ಚಲ ಹೆರಿಗೆಗೆಂದು ಇಲ್ಲಿಂದ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಊರಿಗೆ ಹೋಗಿ, ಬಾಣಂತನ ಮುಗಿಸಿ, ತೊಟ್ಟಿಲಿನ ಕೂಸಿನೊಡನೆ ಮರಳಿದ್ದೀರಿ! ಕನ್ನಡದಲ್ಲಿ ಈ ಉಪಾಯ ಮಾಡಿದ್ದರೂ ನಾಟುತ್ತಿತ್ತು.

ಫಲ ಬೇಗನೆ ಕಂಡಿತು. ಬೇರೆ ಮೀನಿಗೆಂದು ಹಾಕಿದ ಬಲೆಯಲ್ಲಿ ವ್ಹಾಲಿ ಸಿಕ್ಕಿಬಿದ್ದರೆ ಬೆಸ್ತರು ತಾವಾಗಿ ಬಲೆ ಕತ್ತರಿಸಿ ಬಿಡತೊಡಗಿದರು. ಈಚಿನ ವರ್ಷಗಳವರೆಗೆ ಹೀಗೆ ಬಿಡಿಸಿದವು 900ನ್ನು ಮೀರಿವೆ. ಬಲೆ ಕತ್ತರಿಸುವುದೆಂದರೆ ಸಾಮಾನ್ಯವಲ್ಲ. ಬಲೆಯೇ ಬೆಸ್ತನ ಹೊಲ, ನೇಗಿಲು ಎರಡೂ. ಸರಕಾರವು ಕತ್ತರಿಸಿದ ಬಲೆಗೆಂದು ಮೊದಲು 25,000 ರೂಪಾಯಿ ಪರಿಹಾರವನ್ನು ಗೊತ್ತುಮಾಡಿತು. ದೋಣಿಯವರ ಕೈಗೇ ಕ್ಯಾಮರಾ ಕೊಟ್ಟು, ಬಿಡಿಸಿದ್ದರ ಚಿತ್ರ ತೆಗೆದು ತೋರಿಸಿದರೆ ಸಾಕೆಂದು ಏರ್ಪಾಡು ಮಾಡಿದರು. ಅದಕ್ಕೂ ಮೊದಲು ಅಧಿಕಾರಿಗಳು ದೋಣಿಯಲ್ಲಿ ಬಂದು ಕಣ್ಣಾರೆ ನೋಡುವ ತನಕ ಮೀನು ಬಲೆಯಲ್ಲಿ ಒದ್ದಾಡುತ್ತ ಕಾಯಬೇಕಾಗಿತ್ತು. ಪರಿಹಾರದ ಹಣದಿಂದ ಬಲೆ ಬಂದೀತು. ಅಂದಿನ ದಿನದ ದುಡಿಮೆ ಬಾರದು. ಆದುದರಿಂದ ಹಣಕ್ಕಾಗಿ ಬಿಟ್ಟರೆಂದು ಹೇಳುವವರ ಮಾತು ನಮಗೆ ಒಪ್ಪಿಗೆಯಲ್ಲ.

ಸರಿ, ಮಗಳನ್ನು ಬಲೆಯಿಂದ ಬಿಟ್ಟೆವು. ಆಕೆ ಎಲ್ಲಿಗೆ ಹೋದಳು?

ಈ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಆಫ್ರಿಕದ ದಕ್ಷಿಣ ತುದಿಯ ಟೇಬಲ್ ಕೊಲ್ಲಿಯಲ್ಲಿ ಈಟಿಯಿಂದ ಹೊಡೆದ ಒಂದು ಮೀನನ್ನು ನೋಡಿ ಆಂಡ್ರ್ಯೂ ಸ್ಮಿತ್ ಎಂಬ ವೈದ್ಯರು 1828ರಲ್ಲಿ ಮೊದಲ ಬಾರಿಗೆ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದರು. ಅಲ್ಲಿಂದ ಮುಂದೆ ಒಂದೂವರೆ ಶತಮಾನ ಕಳೆದರೂ, ಎಂದರೆ 1980ರ ದಶಕದ ನಡುವಿನವರೆಗೂ, ಲೋಕದಲ್ಲೆಲ್ಲ ಸೇರಿ ಇದನ್ನು ಕಂಡ ಬರೆಹದ ದಾಖಲೆ ಕೆಲವೇ ನೂರು. ಬಸ್ಸಿನಷ್ಟು ದೊಡ್ಡ ಪ್ರಾಣಿ, ಬಿಸಿಲಿಗೆ ನೀರಿನ ಮೇಲೆಯೇ ಬರುವ ಪ್ರಾಣಿ, ಅದರ ಸಂಸಾರ ಎಲ್ಲಿ, ಬಸುರು ಬಾಣಂತನ ಎಲ್ಲಿ ಎಂದು ಮನುಷ್ಯ ಅರಿಯ. ಅದಕ್ಕಾಗಿಯೇ ಬಿಲ್ಲೆ.

ಇಂಗ್ಲಿಷಿನವರು ಟ್ಯಾಗ್ ಎನ್ನುವುದನ್ನು ನಾವು ಬಿಲ್ಲೆ ಎಂದು ಕರೆಯುತ್ತೇವೆ. ಕಚೇರಿಯ ಜವಾನನ ಎದೆಯ ಮೇಲೆ ಇರುತ್ತಿದ್ದ ಬಿಲ್ಲೆಯನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಮೊದಲಿನ ಬಿಲ್ಲೆಗಳು ಅಂಥವೇ: ಅಂಕಿ ಕೆತ್ತಿದ ಸಣ್ಣ ತುಂಡು, ಮೀನಿನ ಬೆನ್ನಿನ ರೆಕ್ಕೆಯ ಬುಡದಲ್ಲಿ ಸಣ್ಣ ಮುಳ್ಳಿನಿಂದ ನೆಟ್ಟದ್ದು. ಅದೇ ಅಂಕಿಯ ಮೀನು ಇನ್ನೊಮ್ಮೆ ಇನ್ನೆಲ್ಲಾದರೂ ಕಂಡರೆ, ಅಲ್ಲಿಂದ ಇಲ್ಲಿಗೆ ಬಂದಿದೆ ಎಂದು ತಿಳಿಯುವುದು. ನಡುವೆ ಯಾವ ದಾರಿ ಹಿಡಿದು ಬಂತು ಎಂಬುದು ತಿಳಿಯದು. ನಮ್ಮೂರಿನ ಹುಡುಗನೊಬ್ಬ ಹತ್ತು ವರ್ಷಗಳ ಮೇಲೆ ದಾದರಿನಲ್ಲಿ ಎದುರಾದ ಹಾಗೆ.

ಈಗಿನ ಬಿಲ್ಲೆಗಳು ಹಾಗಲ್ಲ. ಒಳಗೆ ಬ್ಯಾಟರಿಯೂ, ಅಳೆಯುವ ಉಪಕರಣಗಳೂ, ಒಂದು ಪುಟ್ಟ ರೇಡಿಯೋ ಯಂತ್ರವೂ ಇರುತ್ತವೆ. ಒಂದು ಬಗೆಯದು ಮೀನಿನ ರೆಕ್ಕೆಗೆ ಕಟ್ಟಿಕೊಂಡೇ ಇರುವುದು, ಅಥವಾ ದಾರದ ತುದಿಯಲ್ಲಿ ಗಾಳಿಪಟದ ಬಾಲದಂತೆ ಮೀನಿನ ಹಿಂದೆ ಎಳೆದುಕೊಂಡು ಹೋಗುವುದು. ಉಪ್ಪುನೀರಿನಲ್ಲಿ ರೇಡಿಯೋ ಅಲೆ ಸಾಗದು. ಆದುದರಿಂದ ಮೀನು ಮೇಲಕ್ಕೆ ಬಂದು ಬಿಲ್ಲೆಯ ಕಡ್ಡಿ ಗಾಳಿಗೆ ತಲೆ ಎತ್ತಿದಾಗ ಮಾತ್ರ ಅದು ಮಾತಾಡುತ್ತದೆ. ಆ ಮಾತನ್ನು ಕೇಳಿಸಿಕೊಳ್ಳುವುದು ಆರ್ಗೋಸ್ ಎಂಬ ಏರ್ಪಾಡಿಗೆ ಸೇರಿದ ಕೃತಕ ಉಪಗ್ರಹಗಳು, ಭೂಮಿಯಿಂದ ಸುಮಾರು 850 ಕಿಲೋಮೀಟರು ಎತ್ತರದಲ್ಲಿ ಸುತ್ತುವಂಥವು. ರೈಲು ನಿಲ್ಲದೆ ನಿಲ್ದಾಣವನ್ನು ಹಾದು ಹೋಗುವಾಗ ಸೀಟಿಯ ಸದ್ದು ಹತ್ತಿರ ಬರುತ್ತಿರುವಾಗ ಕೀರಲು, ದಾಟಿಹೋದ ಮೇಲೆ ದಪ್ಪವಾಗುವುದನ್ನು ನೀವು ಕೇಳಿದ್ದೀರಿ. ಇಲ್ಲಿಯೂ ಹಾಗೆಯೇ, ಹಾದುಹೋಗುವ ಉಪಗ್ರಹಕ್ಕೆ ಬಿಲ್ಲೆಯ ಅಲೆ ಎಷ್ಟು ವ್ಯತ್ಯಾಸವಾಗಿ ಕೇಳಿತೆಂಬ ಲೆಕ್ಕದಿಂದ ಮೀನು ಇರುವ ಜಾಗವನ್ನು ಗೊತ್ತುಮಾಡುತ್ತಾರೆ.

ಇನ್ನೊಂದು ಬಗೆಯದು ಇನ್ನೂ ಚಮತ್ಕಾರದ್ದು. ಅದು ತಿಂಗಳುಗಟ್ಟಲೆ ಮೀನಿನ ಜೊತೆ ಮೌನವಾಗಿ ತಿರುಗುತ್ತದೆ. ನೀರಿನ ಆಳ, ಬಿಸಿ, ಬೆಳಕು ಇಷ್ಟನ್ನೂ ಸಂಬಳದ ಗುಮಾಸ್ತನಂತೆ ಬರೆದಿಟ್ಟುಕೊಳ್ಳುತ್ತದೆ. ಮೊದಲೇ ಗೊತ್ತುಮಾಡಿದ ದಿನ ಬಂದ ಕೂಡಲೆ ತನ್ನನ್ನು ಮೀನಿಗೆ ಕಟ್ಟಿದ ಲೋಹದ ಕೊಂಡಿಗೆ ವಿದ್ಯುತ್ತು ಹಾಯಿಸಿ ಅದನ್ನು ಸವೆಯಿಸಿ ಕಳಚಿಕೊಳ್ಳುತ್ತದೆ. ಮೇಲಕ್ಕೆ ತೇಲಿ ಬಂದು ಲೆಕ್ಕದ ಸಾರಾಂಶವನ್ನು ಉಪಗ್ರಹಕ್ಕೆ ಒಪ್ಪಿಸುತ್ತದೆ. ಅದು ಎಲ್ಲೆಲ್ಲಿ ತಿರುಗಿತೆಂಬುದನ್ನು ಬೆಳಕಿನಿಂದ ಎಣಿಸುವುದು ನಮ್ಮ ಪಂಚಾಂಗದ ವಿದ್ಯೆಯೇ. ಕಲಕತ್ತೆಯಲ್ಲಿ ಸೂರ್ಯ ಮೊದಲು ಹುಟ್ಟುತ್ತಾನೆ, ದ್ವಾರಕೆಯಲ್ಲಿ ಆಮೇಲೆ. ನಡುಹಗಲು ಯಾವ ಗಳಿಗೆಗೆ ಆಯಿತೆಂಬುದರಿಂದ ಪೂರ್ವ ಪಶ್ಚಿಮವೂ, ಹಗಲು ಎಷ್ಟು ಉದ್ದವೆಂಬುದರಿಂದ ಉತ್ತರ ದಕ್ಷಿಣವೂ ತಿಳಿಯುತ್ತವೆ. ಹಗಲಿರುಳು ಸಮವಾಗುವ ಕಾಲದಲ್ಲಿ ಮಾತ್ರ ಎಲ್ಲ ಕಡೆಯೂ ಹಗಲಿನ ಉದ್ದ ಒಂದೇ ಆಗಿ ಲೆಕ್ಕ ತಪ್ಪುವುದು. ಇಂಥ ಬಿಲ್ಲೆ ಒಂದಕ್ಕೆ ಕೆಲವು ಲಕ್ಷ ರೂಪಾಯಿ. ಆದ್ದರಿಂದಲೇ ಎಷ್ಟೋ ಅಧ್ಯಯನಗಳಲ್ಲಿ ಮೀನುಗಳ ಎಣಿಕೆ ಕೈಬೆರಳಿಗೆ ನಿಲ್ಲುವುದು.

ಈ ಬಿಲ್ಲೆಗಳಿಂದ ತಿಳಿದುಬಂದ ಸಂಗತಿಗಳನ್ನು ಕೇಳಿ. ಪನಾಮಾದ ಕೊಯ್ಬಾ ದ್ವೀಪದ ಬಳಿ 2011ರಲ್ಲಿ ಒಂದು ಹೆಣ್ಣು ಮೀನಿಗೆ ಬಿಲ್ಲೆ ಕಟ್ಟಿದರು. ಆನ್ ಎಂದು ಹೆಸರಿಟ್ಟರು. ನಡುವೆ ಎಷ್ಟೋ ತಿಂಗಳು ಸುದ್ದಿಯೇ ಇಲ್ಲ. ಆಮೇಲೆ ಒಂದು ದಿನ ಹವಾಯಿಯ ದಕ್ಷಿಣದಲ್ಲಿ ಮಾತು ಕೇಳಿತು. ಕೊನೆಗೆ ಪೆಸಿಫಿಕ್ ಸಾಗರದ ಆ ಬದಿಯ ಮರಿಯಾನಾ ಕಮರಿಯ ಮೇಲೆ. 841 ದಿನಗಳಲ್ಲಿ 20,000 ಕಿಲೋಮೀಟರಿಗೂ ಹೆಚ್ಚು ದೂರ! ಹೆಕ್ಟರ್ ಗುಜ್ಮಾನ್ ಎಂಬ ವಿಜ್ಞಾನಿಯೂ ಸಂಗಡಿಗರೂ ಇದನ್ನು 2018ರಲ್ಲಿ ಪ್ರಕಟಿಸಿದರು. ಇನ್ನು ಆಳದ ಮಾತು. ಮೆಕ್ಸಿಕೋ ಕೊಲ್ಲಿಯಲ್ಲಿ ಬಿಲ್ಲೆ ತೊಟ್ಟ ಒಂದು ಮೀನು 1,928 ಮೀಟರು ಆಳಕ್ಕೆ ಇಳಿದಿತ್ತು. ಬಿಸಿನೀರಿನ ಪ್ರಾಣಿಯೆಂದು ನಾವು ತಿಳಿದಿದ್ದ ಇದು, ಕೆಲವೇ ಡಿಗ್ರಿ ಬಿಸಿಯಿರುವ ಆ ಕಗ್ಗತ್ತಲೆಗೆ ಏಕೆ ಹೋಗುತ್ತದೆ ಎಂಬುದಕ್ಕೆ ಊಹೆಗಳುಂಟು. ಮೇಲೆ ಬಂದು ಬಹಳ ಹೊತ್ತು ಬಿಸಿಲು ಕಾಯಿಸಿಕೊಳ್ಳುವುದಂತೂ ಬಿಲ್ಲೆಗಳಿಂದ ಕಂಡುಬಂದಿದೆ.

ನಮ್ಮ ದೇಶದಲ್ಲಿ ಉಪಗ್ರಹದ ಬಿಲ್ಲೆಯನ್ನು ತೊಟ್ಟ ಮೊದಲನೆಯ ತಿಮಿಂಗಿಲ ಶಾರ್ಕ್ ಗುಜರಾತಿನ ತೀರದ್ದೇ, 2011ರಲ್ಲಿ. ಬೆಸ್ತರು ಬಲೆಯಿಂದ ಬಿಡಿಸುವ ಮೀನುಗಳೇ ಈ ಕೆಲಸಕ್ಕೆ ಒದಗಿ ಬಂದವು. ಕೊಲ್ಲುತ್ತಿದ್ದ ಕೈಗಳೇ ವಿಜ್ಞಾನಿಗೆ ದೋಣಿ ನಡೆಸಿಕೊಟ್ಟು, ಮೀನನ್ನು ಹಿಡಿದುಕೊಟ್ಟು, ಬಲೆ ಕತ್ತರಿಸಿಕೊಟ್ಟವು. ಪ್ರಯೋಗಶಾಲೆಯಲ್ಲಿ ಪದವಿ ಪಡೆದವರಿಗೆ ಆ ಸಮುದ್ರದ ನೀರಿನ ಬಣ್ಣ ನೋಡಿ ಮೀನಿನ ಸುಳಿವು ಹೇಳಲು ಬರುವುದಿಲ್ಲ, ಬೆಸ್ತರಿಗೆ ಬರುತ್ತದೆ. ಬರೆಯುವ ಕಾಲಕ್ಕೆ ವಿಜ್ಞಾನಿಯ ಹೆಸರು ಮೇಲೆ, ದೋಣಿಯವನ ಹೆಸರು ಇಲ್ಲವೇ ಇಲ್ಲ. ಇದು ಎಲ್ಲ ದೇಶದಲ್ಲಿಯೂ ಇರುವ ಸಂಪ್ರದಾಯ. ಒಳ್ಳೆಯ ಸಂಪ್ರದಾಯವೆಂದು ನಾವು ಹೇಳಲಾರೆವು.

ಇಲ್ಲಿ ಒಬ್ಬ ತಾಯಿ ಕೇಳಿಯಾರು: ಮೀನಿಗೆ ನೋವಾಗುವುದಿಲ್ಲವೆ? ನ್ಯಾಯವಾದ ಪ್ರಶ್ನೆ. ಇದರ ಚರ್ಮ ಪ್ರಾಣಿಗಳಲ್ಲೆಲ್ಲ ಅತ್ಯಂತ ದಪ್ಪವಾದವುಗಳಲ್ಲೊಂದು. ಬೆನ್ನ ಮೇಲೆ ಒಂದು ಗೇಣಿನ ಅರ್ಧಕ್ಕೂ ಮಿಕ್ಕಿ ದಪ್ಪವಿರುವುದುಂಟು. ಮುಳ್ಳು ನೆಟ್ಟಾಗ ಕೆಲವು ಮೀನು ಮೈ ಅದುರಿಸಿ ಮುಳುಗಿ ಹೋಗುತ್ತವೆ, ಕೆಲವು ಏನೂ ಆಗದ ಹಾಗೆ ಈಜುತ್ತಿರುತ್ತವೆ. ಗಾಯವೇ ಆಗದೆಂದು ಹೇಳಿದರೆ ಸುಳ್ಳಾದೀತು. ಬಿಲ್ಲೆಗೆ ಪಾಚಿ ಕಟ್ಟಿಕೊಳ್ಳುವುದೂ, ಬೇಗನೆ ಕಿತ್ತುಹೋಗುವುದೂ ಉಂಟು. ನಾವು ಹೇಳುವುದಿಷ್ಟೆ: ಕೂಸಿಗೆ ಲಸಿಕೆ ಹಾಕಿಸುವಾಗಲೂ ಅಳುತ್ತದೆ. ಆದರೆ ಒಂದು ಬಿಲ್ಲೆಯಿಂದ ತಿಳಿಯಬಹುದಾದ ವಿಷಯಕ್ಕೆ ಹತ್ತು ಬಿಲ್ಲೆ ನೆಡುವವರಿದ್ದರೆ ಅವರನ್ನು ಕೇಳುವ ಹಕ್ಕು ಆ ತಾಯಿಗೆ ಇದೆ.

ಅದಕ್ಕೇ ಮುಳ್ಳಿಲ್ಲದ ಇನ್ನೊಂದು ದಾರಿಯನ್ನೂ ಕಂಡುಕೊಂಡಿದ್ದಾರೆ. ಮೊದಲು ಹೇಳಿದ ಚುಕ್ಕೆಗಳು ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಕಿವಿರಿನ ಹಿಂದಿನ ಭಾಗದ ಚಿತ್ರ ತೆಗೆದರೆ ಅದೇ ಗುರುತು. ಆದರೆ ಸಾವಿರಾರು ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿ ನೋಡುವವರು ಯಾರು? ಆಕಾಶದ ಎರಡು ಚಿತ್ರಗಳಲ್ಲಿರುವ ತಾರೆಗಳು ಅವೇ ಹೌದೋ ಅಲ್ಲವೋ ಎಂದು ನೋಡಲು ಖಗೋಳಜ್ಞರು ಒಂದು ಗಣಿತಕ್ರಮವನ್ನು ಮಾಡಿಕೊಂಡಿದ್ದರು. ಅದನ್ನೇ ಮೀನಿನ ಚುಕ್ಕೆಗಳಿಗೆ ಹೊಂದಿಸಿ 2005ರಲ್ಲಿ ಪ್ರಕಟಿಸಿದರು. ಜಾವಾದ ಬೆಸ್ತನು ಬೆನ್ನ ಮೇಲೆ ತಾರೆಯೆಂದದ್ದು ಕೊನೆಗೆ ಲೆಕ್ಕದಲ್ಲಿಯೂ ನಿಜವಾಯಿತು.

ಈಗ ಒಂದು ಸಂಕಟದ ಮಾತು. ವ್ಹಾಲಿಯು ಹೆರಿಗೆಗೆ ಬರುತ್ತಾಳೆಂದು ಬಾಪು ಹೇಳಿದರು, ಬೆಸ್ತರು ನಂಬಿದರು. ಅದು ನಿಜವೆ? ಗುಜರಾತಿನ ತೀರದಲ್ಲಿ ಸಣ್ಣ ಮರಿಯೂ ಸಿಕ್ಕಿದ್ದುಂಟು. ಆದರೆ ಹೆರಿಗೆಯನ್ನು ಕಣ್ಣಾರೆ ಕಂಡವರು ಅಲ್ಲಿಯೂ ಇಲ್ಲ, ಲೋಕದಲ್ಲಿ ಎಲ್ಲಿಯೂ ಇಲ್ಲ. 1995ರಲ್ಲಿ ತೈವಾನಿನ ಬಳಿ ಹಿಡಿದ ಒಂದು ಹೆಣ್ಣಿನ ಗರ್ಭದಲ್ಲಿ ಸುಮಾರು 300 ಮರಿಗಳಿದ್ದವು. ಮೊಟ್ಟೆ ಹೊಟ್ಟೆಯೊಳಗೇ ಒಡೆದು ಮರಿಯಾಗಿ ಹೊರಬರುತ್ತವೆಂದು ತಿಳಿದದ್ದು ಆ ಒಂದೇ ತಾಯಿಯಿಂದ, ಅದೂ ಸತ್ತ ತಾಯಿಯಿಂದ. ಲೋಕದ ಬೇರೆ ಕಡೆ, ಆಸ್ಟ್ರೇಲಿಯದ ನಿಂಗಲೂವಿನಲ್ಲಿ, ಮಾಲ್ಡೀವ್ಸಿನಲ್ಲಿ, ಮೊಜಾಂಬಿಕಿನಲ್ಲಿ ಗುಂಪುಗೂಡುವವು ಬಹುಪಾಲು ಹರೆಯದ ಗಂಡುಗಳು. ಹೀಗಿರುವಾಗ ತೌರಿನ ಕತೆಯನ್ನು ಒಡೆದು ಹೇಳಬೇಕೆ? ನಾವು ಈ ಬಗ್ಗೆ ಬಹಳ ಯೋಚನೆಮಾಡಿದೆವು. ಬಲೆ ಕತ್ತರಿಸುವ ಬೆಸ್ತನು ಅದು ಗಂಡೋ ಹೆಣ್ಣೋ ಎಂದು ಕೇಳಿ ಕತ್ತರಿಸಲಿಲ್ಲ. ಮನೆಗೆ ಬಂದದ್ದು ಮಗಳಲ್ಲ, ಹರೆಯದ ಮಗ ಎಂದು ತಿಳಿದ ಮಾತ್ರಕ್ಕೆ ಯಾರೂ ಬಾಗಿಲು ಮುಚ್ಚರು. ಇದ್ದುದನ್ನು ಇದ್ದ ಹಾಗೆ ಹೇಳುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಹೆರಿಗೆ ಎಲ್ಲಿ ಎಂಬುದನ್ನು ಕಂಡುಹಿಡಿಯುವುದಾದರೆ ಅದು ಬಿಲ್ಲೆ ತೊಟ್ಟ ಹೆಣ್ಣೊಂದರಿಂದಲೇ ಆದೀತು.

ಅವಸರ ಏಕೆಂದರೆ, ಇದು ಬೆಳೆಯುವುದು ನಿಧಾನ. ವಯಸ್ಸನ್ನು ಕಂಡುಹಿಡಿದ ಬಗೆಯೇ ಒಂದು ವಿಚಿತ್ರ. 1950 ಮತ್ತು 60ರ ದಶಕಗಳಲ್ಲಿ ದೊಡ್ಡ ರಾಷ್ಟ್ರಗಳು ಅಣುಬಾಂಬುಗಳನ್ನು ಸಿಡಿಸಿ ನೋಡಿದವಷ್ಟೆ. ಆಗ ಗಾಳಿಗೆ ಸೇರಿದ ಒಂದು ಬಗೆಯ ಇಂಗಾಲ ಸಮುದ್ರಕ್ಕಿಳಿದು ಜೀವಿಗಳ ಮೈಯಲ್ಲಿ ಗುರುತು ಬಿಟ್ಟಿತು. ಪಾಕಿಸ್ತಾನ ಮತ್ತು ತೈವಾನುಗಳ ಎರಡು ಸತ್ತ ಮೀನುಗಳ ಬೆನ್ನೆಲುಬಿನಲ್ಲಿ ಆ ಗುರುತನ್ನು ಹಿಡಿದು, ಮರದ ಉಂಗುರಗಳಂತೆ ಕಾಣುವ ಪಟ್ಟೆಗಳನ್ನು ಎಣಿಸಿ, ಪಾಕಿಸ್ತಾನದ ಮೀನಿಗೆ 50 ವರ್ಷವೆಂದು 2020ರಲ್ಲಿ ಲೆಕ್ಕ ಕೊಟ್ಟರು. ಅದು ಇದೇ ಅರಬ್ಬೀ ಸಮುದ್ರದ ಮೀನು. ಮರಿಹಾಕುವ ವಯಸ್ಸಿಗೆ ಬರಲು ಇವಕ್ಕೆ ಇಪ್ಪತ್ತೈದು ಮೂವತ್ತು ವರ್ಷ ಬೇಕಾಗುತ್ತದೆ. ಒಂದು ಸತ್ತರೆ ಆ ಜಾಗ ತುಂಬಲು ಒಂದು ತಲೆಮಾರು. 75 ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಕಡಿಮೆಯಾಗಿವೆ ಎಂದು ಕಂಡು 2016ರಲ್ಲಿ ಇದನ್ನು ಅಳಿವಿನ ಅಂಚಿನ ಜೀವಿಗಳ ಸಾಲಿಗೆ ಸೇರಿಸಿದರು.

ಬೇಟೆ ಎಷ್ಟೋ ಕಡೆ ನಿಂತ ಮೇಲೂ ಏಕೆ ಕಡಿಮೆಯಾಗುತ್ತಿವೆ? ಇದಕ್ಕೆ ಉತ್ತರ ಕೊಟ್ಟದ್ದು ಬಿಲ್ಲೆಗಳ ಮಾತಲ್ಲ, ಬಿಲ್ಲೆಗಳ ಮೌನ. ಲೋಕದ ಬೇರೆ ಬೇರೆ ಸಮುದ್ರಗಳಲ್ಲಿ ಬಿಲ್ಲೆ ತೊಟ್ಟ ಸುಮಾರು 350 ಮೀನುಗಳ ದಾರಿಯನ್ನೂ ದೊಡ್ಡ ಹಡಗುಗಳ ದಾರಿಯನ್ನೂ ಒಂದೇ ನಕಾಶೆಯಲ್ಲಿ ಹಾಕಿ ನೋಡಿದರು. 2022ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಮೀನುಗಳು ತಿರುಗುವ ಪ್ರದೇಶದ ನೂರಕ್ಕೆ 92 ಭಾಗದಲ್ಲಿ ಹಡಗುಗಳೂ ಓಡಾಡುತ್ತವೆ. ಮೀನು ತನ್ನ ಕಾಲದ ಅರ್ಧದಷ್ಟನ್ನು ಮೇಲುನೀರಿನಲ್ಲಿ ಕಳೆಯುತ್ತದೆ. ಹಡಗು ಅದಕ್ಕಿಂತ ಹತ್ತುಪಾಲು ವೇಗ. ಬ್ಯಾಟರಿ ಮುಗಿದದ್ದು, ಯಂತ್ರ ಕೆಟ್ಟದ್ದು ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಬಿಲ್ಲೆಗಳಲ್ಲಿ ಸುಮಾರು ಕಾಲುಭಾಗ ಮಾತು ನಿಲ್ಲಿಸಿದ್ದು ಹಡಗುಗಳ ಹೆದ್ದಾರಿಯಲ್ಲಿಯೇ. ಆಳವನ್ನು ಬರೆದಿಟ್ಟುಕೊಂಡಿದ್ದ ಕೆಲವು ಬಿಲ್ಲೆಗಳು ಇನ್ನೂ ಸ್ಪಷ್ಟವಾಗಿ ಹೇಳಿದವು: ಮೀನು ಹಡಗಿನ ದಾರಿಗೆ ಬಂತು, ಆಮೇಲೆ ನಿಧಾನವಾಗಿ, ಒಂದೇ ಸಮನೆ, ನೂರಾರು ಮೀಟರು ಕೆಳಗೆ ಸಮುದ್ರದ ತಳಕ್ಕೆ ಇಳಿಯಿತು. ಸತ್ತ ಶಾರ್ಕು ತೇಲದು, ಮುಳುಗುತ್ತದೆ. ಹೆಣ ದಡಕ್ಕೆ ಬಾರದ್ದರಿಂದ ಇಷ್ಟು ಕಾಲ ಈ ಸಾವು ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಮೆಕ್ಸಿಕೋ ಕೊಲ್ಲಿ, ಕೆಂಪು ಸಮುದ್ರ, ಪರ್ಷಿಯದ ಕೊಲ್ಲಿ ಇವೆಲ್ಲ ಹೆಚ್ಚಿನ ಅಪಾಯದ ಜಾಗಗಳೆಂದು ಕಂಡುಬಂತು. ಕೊನೆಯವೆರಡೂ ಅರಬ್ಬೀ ಸಮುದ್ರದ ಬಾಗಿಲುಗಳು.

ಈ ಸಂಗತಿಯನ್ನು ಮುಂಬಯಿಯಲ್ಲಿ ನಿಂತು ಹೇಳುವಾಗ ನಮಗೆ ಸ್ವಲ್ಪ ಮುಜುಗರ. ಈ ಊರು ಬದುಕಿರುವುದೇ ಹಡಗಿನಿಂದ. ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಬಂದರಿನ ಸಂಬಳದಿಂದ, ಹಡಗು ಕಂಪನಿಯ ಸಂಬಳದಿಂದ ಉರಿದಿದೆ. ವೆರಾವಳದ ಬೆಸ್ತನಿಗೆ ಬಲೆ ಕತ್ತರಿಸೆಂದು ಹೇಳಿದೆವು, ಆತ ಕತ್ತರಿಸಿದ. ಹಡಗಿನವರಿಗೆ ಮೀನು ಗುಂಪುಗೂಡುವ ಕಡೆ, ಗುಂಪುಗೂಡುವ ತಿಂಗಳಲ್ಲಿ ವೇಗ ತಗ್ಗಿಸಿ, ಇಲ್ಲವೆ ಸ್ವಲ್ಪ ಸುತ್ತುಹಾಕಿ ಹೋಗಿ ಎಂದು ಹೇಳುವುದು ಇನ್ನೂ ಬಾಕಿ. ಎಲ್ಲಿ, ಯಾವ ತಿಂಗಳು ಎಂಬುದನ್ನು ಬಿಲ್ಲೆಗಳಲ್ಲದೆ ಬೇರೆ ಯಾರೂ ಹೇಳಲಾರರು.

ನಮ್ಮ ಕರಾವಳಿಯಲ್ಲಿ ಈ ಮೀನು ಇಲ್ಲವೆಂದು ತಿಳಿಯಬೇಡಿ. ಮಂಗಳೂರು, ಮಲ್ಪೆಗಳ ದೋಣಿಯವರಿಗೆ ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದುಂಟು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದವರು ಕಂಡದ್ದುಂಟು. ಗುಜರಾತಿನಿಂದ ಕೇರಳದವರೆಗೆ ಒಂದೇ ಕಡಲು. ಕಡಲಿಗೆ ಭಾಷಾವಾರು ಪ್ರಾಂತ್ಯವಿಲ್ಲ. ಈ ಸಮುದ್ರದ್ದೂ ಪೆಸಿಫಿಕ್ ಸಾಗರದ್ದೂ ಮೀನುಗಳೆಲ್ಲ ಒಂದೇ ಬಳಗವೆಂದು ರಕ್ತಸಂಬಂಧದ ಪರೀಕ್ಷೆಗಳೂ ಹೇಳಿವೆ.

ಕೊನೆಯದಾಗಿ ಒಂದು ಸಣ್ಣ ವಿಷಯ, ಕರಾವಳಿಯವರಿಗೆ. ತೇಲಿ ಬಂದ ಬಿಲ್ಲೆ ಉಪಗ್ರಹಕ್ಕೆ ಹೇಳುವುದು ಸಾರಾಂಶ ಮಾತ್ರ ಎಂದೆವಲ್ಲ. ಪೂರ್ತಿ ಲೆಕ್ಕ ಅದರ ಹೊಟ್ಟೆಯಲ್ಲಿಯೇ ಉಳಿದಿರುತ್ತದೆ. ಅಲೆಗಳ ಮೇಲೆ ತೇಲುತ್ತ ಅದು ಯಾವುದೋ ದಡಕ್ಕೆ ಬಂದು ಬೀಳುತ್ತದೆ. ನೋಡಲು ಏನೂ ಚೆಂದವಿಲ್ಲ. ಒಂದು ಕಡೆ ಉಬ್ಬಿದ, ಕೈಯಲ್ಲಿ ಹಿಡಿಯಬಹುದಾದ ಕೋಲಿನಂಥ ವಸ್ತು, ತುದಿಯಲ್ಲಿ ಒಂದು ತಂತಿಕಡ್ಡಿ, ಮೈಯೆಲ್ಲ ಪಾಚಿ. ಬೇಸಗೆಯ ರಜೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದಾಗ, ಮರಳಿನ ಮೇಲೆ ಅಂಥದೊಂದು ಕಂಡರೆ ಹುಡುಗರು ಒಡೆದು ಬಿಚ್ಚದ ಹಾಗೆ ನೋಡಿಕೊಳ್ಳಿ. ಪಾಚಿ ಒರೆಸಿದರೆ ಯಾರಿಗೆ ಒಪ್ಪಿಸಬೇಕೆಂದು ಅದರ ಮೇಲೆಯೇ ಬರೆದಿರುತ್ತದೆ.